ವಿಲೇವಾರಿಯೂ ಪರಿಹಾರವೂ

ಪುಣೆಗೆ ಬಂದ ಹೊಸತರಲ್ಲಿ ನನ್ನನ್ನು ಪೇಚಿಗೆ ಸಿಕ್ಕಿಸಿದ ಶಬ್ದಗಳಲ್ಲಿ ‘ತಕ್ರಾರ್’ ಎಂಬುದೂ ಒಂದು. ನಮ್ಮ ಕಡೆ ತಕರಾರು ಎಂದರೆ ಜಗಳದ ಮೊದಲ ಮೆಟ್ಟಿಲು. ‘ಅವರದೇನೋ ಹೊಲದ ಬದುವಿನ ತಕರಾರು ಐತಿ’ ಎಂದರೆ ಸಾಕು, ಪಂಚರು, ವಕೀಲರು, ಬಡಿಗೆ ಎಲ್ಲವೂ ಕಣ್ಣ ಮುಂದೆ ಬರುತ್ತವೆ. ಇಲ್ಲಿಯೋ, ನಳದಲ್ಲಿ ನೀರು ಬರಲಿಲ್ಲವೆಂದು ಕಚೇರಿಗೆ ಹೋಗಿ ಬರೆಸಿ ಬರುವುದೂ ತಕ್ರಾರೇ. ಗೋಡೆಗೆ ತೂಗುಹಾಕಿದ ಪೆಟ್ಟಿಗೆಯ ಮೇಲೂ ‘ತಕ್ರಾರ್ ಪೇಟಿ’ ಎಂದೇ ಬರೆದಿರುತ್ತದೆ. ಶಬ್ದ ಒಂದೇ, ಗಡಿ ದಾಟುವಾಗ ಅದರ ಮುಖದ ಕಳೆ ಬದಲಾಗಿದೆ.

ಇದನ್ನು ಮೊದಲಿಗೆ ಹೇಳಲು ಕಾರಣವಿದೆ. ಪರಊರಿನಲ್ಲಿ ನೆಲೆಸಿದ ನಮ್ಮಲ್ಲಿ ಬಹಳ ಜನಕ್ಕೆ ದೂರು ಕೊಡುವುದೆಂದರೆ ಇಂದಿಗೂ ಆ ಹಳೆಯ ತಕರಾರೇ. ‘ಅವರ ಊರಿಗೆ ಬಂದು ಅನ್ನ ತಿನ್ನುತ್ತಿದ್ದೇವೆ, ಹೊಂದಿಕೊಂಡು ಹೋಗಬೇಕು’ ಎಂಬ ಮಾತನ್ನು ನನ್ನ ತಂದೆ ನಾನು ನೌಕರಿಗೆ ಹೊರಟಾಗ ಹೇಳಿ ಕಳಿಸಿದ್ದರು. ಒಳ್ಳೆಯ ಮಾತೇ. ಆದರೆ ಹೊಂದಿಕೊಂಡು ಹೋಗುವವರು ನಾವಾಗಿ, ಅದರ ಬೆಲೆ ತೆರುವವರು ಬೇರೆಯವರಾದರೆ ಏನು ಮಾಡಬೇಕು? ಈ ಪ್ರಶ್ನೆ ಕಳೆದ ವರ್ಷ ನನ್ನ ಮನೆಯ ಬಾಗಿಲಿಗೇ ಬಂದು ನಿಂತಿತು.

ನಮ್ಮ ಸೊಸೈಟಿಯ ಪಕ್ಕದಲ್ಲಿ ಒಂದು ಕಟ್ಟಡ ಏಳುತ್ತಿದೆ. ಅಲ್ಲಿಯ ಗೌಂಡಿಗಳು, ಕಲ್ಲುಮಣ್ಣು ಹೊರುವವರು ಬಹುತೇಕ ನಮ್ಮವರೇ: ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯವರು. ಒಂದು ಭಾನುವಾರ ಒಬ್ಬ ಹೆಣ್ಣುಮಗಳು ಒಂಬತ್ತು ವರ್ಷದ ಹುಡುಗನನ್ನು ಕೈ ಹಿಡಿದುಕೊಂಡು ಬಂದಳು. ನಾನು ಸರ್ಕಾರಿ ನೌಕರನೆಂದು ಯಾರೋ ಹೇಳಿದ್ದರಂತೆ. ‘ಅಣ್ಣಾರ, ನಮ್ಮ ಹುಡುಗನ್ನ ಸಾಲ್ಯಾಗ ತಗೋವಲ್ಲರಿ. ದಾಖಲಾ ತಾ ಅಂತಾರ. ಊರಿಗಿ ಹೋಗಿ ಬರಾಕ ಇಬ್ಬರದೂ ಎರಡೆರಡು ದಿನದ ಪಗಾರ ಹೋಗತೈತ್ರಿ’ ಎಂದಳು. ಹುಡುಗ ಇಂಡಿ ತಾಲೂಕಿನ ತನ್ನ ಊರಿನಲ್ಲಿ ಕನ್ನಡ ಶಾಲೆಯ ಎರಡನೆಯ ಇಯತ್ತೆ ಮುಗಿಸಿ ಬಂದವನು. ಮೂರು ತಿಂಗಳಿಂದ ತಂಗಿಯನ್ನು ಸಂಭಾಳಿಸಿಕೊಂಡು ಮರಳ ಗುಡ್ಡೆಯ ಮೇಲೆ ಕೂತಿದ್ದ.

2009ರ ಶಿಕ್ಷಣ ಹಕ್ಕಿನ ಕಾಯಿದೆಯನ್ನು ನಾನು ಅಂದು ರಾತ್ರಿಯೇ ತೆಗೆದು ಓದಿದೆ. (ಗುಮಾಸ್ತನಿಗೆ ಬೇರೇನು ಬಾರದಿದ್ದರೂ ಕಲಮು ಹುಡುಕುವುದು ಬರುತ್ತದೆ.) ವರ್ಗಾವಣೆ ಪತ್ರ ತರಲು ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ತಡಮಾಡುವಂತೆಯೂ ಇಲ್ಲ ಎಂದು 5ನೆಯ ಕಲಮು ಹೇಳುತ್ತದೆ. ಶಾಲೆಯಿಂದ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂಡಿಸಿ, ಹಿಂದುಳಿದದ್ದನ್ನು ಕಲಿಸಿಕೊಡಬೇಕೆಂದು 4ನೆಯದು ಹೇಳುತ್ತದೆ. ಇವೆರಡನ್ನೂ ಮೀರಿ ನನಗೆ ಹಿಡಿಸಿದ್ದು 32ನೆಯ ಕಲಮು. ಮಗುವಿನ ಹಕ್ಕಿನ ಬಗ್ಗೆ ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಸಂಬಂಧಪಟ್ಟವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನ ಮಾಡಬೇಕು. ಅದು ಒಪ್ಪಿಗೆಯಾಗದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ‘ಯಾರೇ ಆಗಲಿ’ ಎಂಬ ಮಾತನ್ನು ಗಮನಿಸಬೇಕು. ತಾಯಿಯೇ ಬರಬೇಕೆಂದಿಲ್ಲ, ಮರಾಠಿಯವರೇ ಆಗಬೇಕೆಂದಿಲ್ಲ.

ಮನೆಯವಳು, ‘ಇದ್ದದ್ದು ಸಾಲದೆ ಊರ ಉಸಾಬರಿ ನಿಮಗ್ಯಾಕ?’ ಎಂದಳು. ಕಚೇರಿಯ ಹಿರಿಯ ಮಿತ್ರರೊಬ್ಬರು 1964ರ ನಡತೆ ನಿಯಮಗಳನ್ನು ನೆನಪಿಸಿದರು. ಆ ನಿಯಮಗಳನ್ನೂ ನೋಡಿದೆ. ನೆರೆಯವಳಿಗೆ ಒಂದು ಅರ್ಜಿ ಬರೆದುಕೊಡಬೇಡ ಎಂದು ಅದರಲ್ಲಿ ನನಗೆ ಎಲ್ಲಿಯೂ ಸಿಗಲಿಲ್ಲ. ನನ್ನ ಮರಾಠಿ ಮಾತಿಗೆ ಸಾಕು, ಬರವಣಿಗೆಗೆ ಸಾಲದು. ಇಲ್ಲಿಯೇ ಹುಟ್ಟಿ ಬೆಳೆದ ಮಗಳು ತಿದ್ದಿಕೊಟ್ಟಳು. ತಾಯಿ ಹೆಬ್ಬೆಟ್ಟು ಒತ್ತಿದಳು. ಪುಣೆಯ ಸುತ್ತ ಎರಡು ಮಹಾನಗರಪಾಲಿಕೆಗಳು, ಕಂಟೋನ್ಮೆಂಟ್‌ಗಳು, ಜಿಲ್ಲಾ ಪರಿಷತ್ತು ಎಂದು ಹಲವು ಆಡಳಿತಗಳಿವೆ. ನಾವು ಅರ್ಜಿ ಕೊಟ್ಟದ್ದು ಎಲ್ಲಿ, ಶಾಲೆ ಯಾವುದು ಎಂಬುದು ಇಲ್ಲಿ ಬೇಡ. ಅದು ಎಲ್ಲಿಯೂ ಆಗಬಹುದಾದದ್ದು.

ಮೂರು ತಿಂಗಳಿಗೆ ಇನ್ನೂ ನಾಲ್ಕು ದಿನ ಇರುವಾಗ ಉತ್ತರ ಬಂತು. ಇಂಥ ಹೆಸರಿನ ಮಗು ಪ್ರವೇಶಕ್ಕೆ ಬಂದ ಬಗ್ಗೆ ಶಾಲೆಯಲ್ಲಿ ಯಾವ ದಾಖಲೆಯೂ ಇಲ್ಲ, ಆದ್ದರಿಂದ ತಕ್ರಾರ್ ‘ನಿಕಾಲಿ’ ತೆಗೆಯಲಾಗಿದೆ. ಅಂದರೆ ವಿಲೇವಾರಿ. ಬಾಗಿಲಲ್ಲೇ ಬಾಯಿಮಾತಿನಲ್ಲಿ ವಾಪಸು ಕಳಿಸಿದವನ ದಾಖಲೆ ಎಲ್ಲಿಂದ ಬರಬೇಕು? ತಾಯಿಯನ್ನು ಯಾರೂ ಕರೆದು ಕೇಳಿರಲಿಲ್ಲ. ಕರೆದಿದ್ದರೂ ಒಂದು ದಿನದ ಕೂಲಿ ಬಿಟ್ಟು ಅವಳು ಹೋಗುತ್ತಿದ್ದಳೇ ಎಂದರೆ, ಅದೂ ನನಗೆ ಅನುಮಾನವೇ.

ಆ ಕಾಗದ ಓದಿದಾಗ ನನಗೆ ಬಂದದ್ದು ಸಿಟ್ಟಲ್ಲ, ನಾಚಿಕೆ. ಯಾಕೆಂದರೆ ಆ ವಾಕ್ಯ ನನಗೆ ಪರಿಚಿತವಾದದ್ದು. ಅಂಥವನ್ನು ನಾನೇ ಬರೆಯುತ್ತೇನೆ.

ಕೇಂದ್ರ ಸರ್ಕಾರದ ಕಚೇರಿಗಳಿಗೆ ಬರುವ ಸಾರ್ವಜನಿಕ ಅಹವಾಲುಗಳಿಗೆ 2007ರಿಂದ ಗಣಕಯಂತ್ರದ ವ್ಯವಸ್ಥೆಯೊಂದಿದೆ. ಉತ್ತರ ಕೊಡಲು ಮೊದಲು 60 ದಿನದ ಅವಧಿಯಿತ್ತು. ಆಮೇಲೆ 45 ಆಯಿತು, 30 ಆಯಿತು. 2024ರ ಆಗಸ್ಟಿನಲ್ಲಿ 21ಕ್ಕೆ ಇಳಿಯಿತು. ಅವಧಿ ಇಳಿಸಿದವರ ಉದ್ದೇಶ ಒಳ್ಳೆಯದೇ. ಆದರೆ ಟೇಬಲ್ಲಿನ ಈ ಬದಿಯಲ್ಲಿ ಕೂತವನಿಗೆ ಆಗುವುದೇನು? ತಿಂಗಳ ಕೊನೆಯ ತಖ್ತೆಯಲ್ಲಿ ಎರಡೇ ಕಾಲಮು: ಬಾಕಿ, ವಿಲೇವಾರಿ. ಹಣ ಕೈಗೆ ಬಂದ ವಿಧವೆಯೂ ವಿಲೇವಾರಿಯಲ್ಲೇ ಸೇರುತ್ತಾಳೆ, ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಉತ್ತರ ಬಂದ ವಿಧವೆಯೂ ಅಲ್ಲೇ. ಎರಡನೆಯವಳ ಕಡತ ಇಪ್ಪತ್ತನೆಯ ದಿನ ನನ್ನ ಕೈಯಿಂದಲೇ ಮುಚ್ಚಿದ್ದು. ಕುಟುಂಬ ಪಿಂಚಣಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿತ್ತು. ತಿದ್ದಬೇಕಾದದ್ದು ಬೇರೆ ಶಾಖೆ. ನಾನು ಬರೆದದ್ದರಲ್ಲಿ ಸುಳ್ಳಿನ ಮಾತು ಒಂದೂ ಇರಲಿಲ್ಲ. ಆದರೂ ಅದು ಸತ್ಯವಾಗಿತ್ತು ಎನ್ನಲು ನನ್ನ ನಾಲಗೆ ಏಳುವುದಿಲ್ಲ.

ಬಿ.ಎಸ್ಸಿ. ಓದುವಾಗ ನಮ್ಮ ಮೇಷ್ಟರು, ಅಳೆಯಬೇಕಾದದ್ದು ಒಂದು, ಅಳತೆಗೋಲು ತೋರಿಸುವುದು ಇನ್ನೊಂದು ಆಗಬಾರದು ಎಂದು ಪದೇ ಪದೇ ಎಚ್ಚರಿಸುತ್ತಿದ್ದರು. ಥರ್ಮಾಮೀಟರನ್ನು ಅಂಗೈಯಲ್ಲಿ ಹಿಡಿದು ನೀರಿನ ಬಿಸಿ ಬರೆದುಕೊಂಡರೆ ಅಂಕಿ ಬರುತ್ತದೆ. ಅದು ಅಂಗೈಯ ಬಿಸಿ. ನಮ್ಮ ವಿಲೇವಾರಿಯ ಅಂಕಿ ಬಹಳ ಮಟ್ಟಿಗೆ ಕಚೇರಿಯ ಅಂಗೈಯ ಬಿಸಿಯೇ.

ಇಂಗ್ಲೆಂಡಿನಲ್ಲಿ 1974ರ ಕಾಯಿದೆಯಿಂದ ಸ್ಥಳೀಯ ಸಂಸ್ಥೆಗಳ ಮೇಲಿನ ದೂರು ವಿಚಾರಿಸಲು ಒಂಬುಡ್ಸ್‌ಮನ್ ಇದ್ದಾರೆ. 2017ರಿಂದ ಆ ಸಂಸ್ಥೆಯ ಹೆಸರಿನಲ್ಲೇ ಸಾಮಾಜಿಕ ಆರೈಕೆಯೂ ಸೇರಿದೆ. ಮುದುಕರ ಮನೆಗೆ ಬರಬೇಕಾದ ಆರೈಕೆಯವರು ಬರಲಿಲ್ಲ, ಅಂಗವಿಕಲ ಮಗುವಿನ ಕಲಿಕೆಗೆ ಒಪ್ಪಿಕೊಂಡ ನೆರವು ಸಿಗಲಿಲ್ಲ ಎಂಬಂಥ ದೂರುಗಳು ಅಲ್ಲಿಗೆ ಹೋಗುತ್ತವೆ. ಮೊದಲು ಕೌನ್ಸಿಲ್ಲಿಗೇ ದೂರಬೇಕು. ಅಲ್ಲಿ ತೀರದಿದ್ದರೆ ಇಲ್ಲಿಗೆ. ಅವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಾರೆ: ಆಡಳಿತದ ತಪ್ಪು ನಡೆಯಿತೇ? ಅದರಿಂದ ಈ ಮನುಷ್ಯನಿಗೆ ಅನ್ಯಾಯವಾಯಿತೇ? ಆಗಿದ್ದರೆ, ತಪ್ಪು ನಡೆಯದಿದ್ದಲ್ಲಿ ಅವನು ಎಲ್ಲಿರುತ್ತಿದ್ದನೋ ಆದಷ್ಟು ಅಲ್ಲಿಗೆ ತಂದು ನಿಲ್ಲಿಸಬೇಕು. ಕ್ಷಮೆ ಕೇಳಬೇಕು, ಕೆಲವೊಮ್ಮೆ ಹಣವನ್ನೂ ಕೊಡಬೇಕು. ಅವರ ಶಿಫಾರಸಿಗೆ ಕೋರ್ಟಿನ ಆಜ್ಞೆಯ ಬಲವಿಲ್ಲ. ಆದರೂ ಕೌನ್ಸಿಲ್ಲುಗಳು ಹೆಚ್ಚುಕಡಿಮೆ ಯಾವಾಗಲೂ ಒಪ್ಪುತ್ತವೆ. ತೀರ್ಮಾನ ಪ್ರಕಟವಾಗುವಾಗ ಕೌನ್ಸಿಲ್ಲಿನ ಹೆಸರಿರುತ್ತದೆ, ದೂರಿದವರ ಹೆಸರಿರುವುದಿಲ್ಲ. ನಮ್ಮಲ್ಲಿ ಎಷ್ಟೋ ಕಡೆ ಇದರ ತಿರುವುಮುರುವು: ದೂರಿದವನ ಹೆಸರು ಓಣಿಗೆಲ್ಲ ಗೊತ್ತು, ತಪ್ಪು ಯಾರದೆಂದು ಯಾರಿಗೂ ಗೊತ್ತಿಲ್ಲ.

ನಮ್ಮಲ್ಲಿ ಸಂಸ್ಥೆಗಳಿಲ್ಲವೆಂದಲ್ಲ. ಮಹಾರಾಷ್ಟ್ರದ ಲೋಕಾಯುಕ್ತ ಕಾಯಿದೆ 1971ರದು, ನಮ್ಮ ಕರ್ನಾಟಕದ್ದು 1984ರದು. ಸಂವಿಧಾನದ 350ಎ ವಿಧಿ 1956ರಿಂದ ಇದೆ; ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಅನುಕೂಲ ಮಾಡಲು ಯತ್ನಿಸಬೇಕೆಂದು ಅದು ರಾಜ್ಯಗಳಿಗಷ್ಟೇ ಅಲ್ಲ, ಸ್ಥಳೀಯ ಪ್ರಾಧಿಕಾರಗಳಿಗೂ ಹೇಳುತ್ತದೆ. ಇಷ್ಟಿದ್ದೂ ಮರಳ ಗುಡ್ಡೆಯ ಮೇಲಿನ ಹುಡುಗನಿಗೂ ಈ ವಿಧಿಗೂ ನಡುವೆ ಒಬ್ಬ ಮನುಷ್ಯ ನಿಲ್ಲಬೇಕಾಗುತ್ತದೆ.

ದೂರುವುದು ಪರಊರಿನವರ ಅಧಿಕಪ್ರಸಂಗ ಎನ್ನುವವರಿಗೆ ಈ ಊರಿನ ಚರಿತ್ರೆಯೇ ಉತ್ತರ ಕೊಡುತ್ತದೆ. 1848ರಲ್ಲಿ ಇಲ್ಲಿಯ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜ್ಯೋತಿಬಾ ಫುಲೆಯವರು ಮುಂದೆ ಪುಣೆಯ ನಗರಸಭೆಯ ಸದಸ್ಯರೂ ಆಗಿದ್ದರು. 1882ರಲ್ಲಿ ಹಂಟರ್ ಆಯೋಗದ ಮುಂದೆ ಅವರು ಸಲ್ಲಿಸಿದ ಮನವಿ ಒಂದು ದೊಡ್ಡ ದೂರೇ: ರೈತರ ಕಂದಾಯದಿಂದ ಬಂದ ಹಣ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಹೋಗುತ್ತದೆ, ರೈತನ ಮಗುವಿನ ಪ್ರಾಥಮಿಕ ಶಾಲೆಯನ್ನು ಕೇಳುವವರಿಲ್ಲ ಎಂದು. ಇದೇ ನಗರಸಭೆಯ ಅಧ್ಯಕ್ಷರಾಗಿದ್ದ ಗೋಖಲೆಯವರು 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ಮರುವರ್ಷ ಅದು ಬಿದ್ದುಹೋಯಿತು. ಫುಲೆಯವರ ದೂರು ‘ನಿಕಾಲಿ’ ಆಗಲು ಎಷ್ಟು ವರ್ಷ ಹಿಡಿಯಿತೆಂದು ಲೆಕ್ಕ ಹಾಕಿದರೆ ನಮ್ಮ ಮೂರು ತಿಂಗಳು ಏನೂ ಅಲ್ಲ.

ಆದರೆ ದೂರಿದವರೆಲ್ಲ ಸಾಚಾ, ಕಚೇರಿಯವರೆಲ್ಲ ಕಲ್ಲೆದೆಯವರು ಎಂದು ನಾನು ಹೇಳಲಾರೆ. ಚಾಡಿಯೂ ದೂರಿನ ಅಂಗಿ ತೊಟ್ಟು ಬರುತ್ತದೆ. ಹೆಸರಿಲ್ಲದ ಅರ್ಜಿಗಳನ್ನು ನಾನೂ ಸಾಕಷ್ಟು ಓದಿದ್ದೇನೆ. ಅದೇ ಶಿಕ್ಷಣ ಕಾಯಿದೆ ಶಿಕ್ಷಕರಿಗೆ ಬೇರೆ ಕೆಲಸ ಹಚ್ಚಬಾರದೆಂದು ಹೇಳಿ, ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವನ್ನು ಮಾತ್ರ ಹೊರತುಪಡಿಸಿದೆ. ಆ ‘ಮಾತ್ರ’ದಲ್ಲಿ ಅವರ ಎಷ್ಟು ದಿನ ಕರಗುತ್ತದೆಂದು ಶಿಕ್ಷಕರ ಮನೆಯವರನ್ನು ಕೇಳಬೇಕು. ಇನ್ನು ಕೆಲವು ಸಂಕಟಗಳಲ್ಲಿ ನಿಯಮ ಮುರಿದವರೇ ಇರುವುದಿಲ್ಲ. ಹುಡುಗನ ಆ ಪುಟ್ಟ ತಂಗಿಯ ಸಂಗತಿ ನೋಡಿ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಜಾಗದಲ್ಲಿ ಕೂಸಿನ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆ ವಿಧಿಸಿತ್ತು. ನಮ್ಮ ಪಕ್ಕದ ಕಟ್ಟಡದಲ್ಲಿ ಹದಿನೈದು ಹೆಂಗಸರಿದ್ದಾರೆ. ಯಾರ ಮೇಲೆ, ಏನೆಂದು ದೂರು ಬರೆಯಲಿ? ಅಣ್ಣ ಶಾಲೆಗೆ ಹೋದರೆ ತಂಗಿಯನ್ನು ನೋಡುವವರಾರು ಎಂಬುದಕ್ಕೆ ನನ್ನ ಕಾಯಿದೆ ಪುಸ್ತಕದಲ್ಲಿ ಕಲಮು ಸಿಗಲಿಲ್ಲ.

ಹುಡುಗನ ಕಥೆ ಅರ್ಧಕ್ಕೇ ಬಿಟ್ಟೆ. ‘ನಿಕಾಲಿ’ ಪತ್ರ ಬಂದ ಎರಡು ವಾರಕ್ಕೆ ಆ ಶಾಲೆಯ ಒಬ್ಬ ಬಾಯಿ, ವಯಸ್ಸಾದವರು, ಸಂಜೆ ಕಟ್ಟಡದ ಹತ್ತಿರ ಹುಡುಕಿಕೊಂಡು ಬಂದರು. ಮೇಲಿನವರು ಕಳಿಸಿದರೇ ಎಂದು ಕೇಳಿದೆ. ಇಲ್ಲ ಎಂದರು. ಉತ್ತರ ತಯಾರಿಸುವಾಗ ಅರ್ಜಿಯ ಪ್ರತಿ ಅವರ ಟೇಬಲ್ಲಿಗೂ ಬಂದಿತ್ತಂತೆ. ಹೆಬ್ಬೆಟ್ಟಿನ ಗುರುತು ನೋಡಿ ಮನಸ್ಸಿಗೆ ಸಮಾಧಾನವಾಗಲಿಲ್ಲವಂತೆ. ಮರುದಿನ ಹುಡುಗನ ಹೆಸರು ಪಟದ ಮೇಲೆ ಬಂತು. ತಂಗಿಯನ್ನೂ ಕರೆದುಕೊಂಡೇ ಬರಲಿ, ಹಿಂದಿನ ಸಾಲಿನಲ್ಲಿ ಕೂಡಲಿ ಎಂದರು. ಅದು ಯಾವ ನಿಯಮದಲ್ಲಿ ಕೂಡುತ್ತದೆಂದು ನಾನು ಕೇಳಲಿಲ್ಲ.

ಮೇಲ್ಮನವಿ ಹಾಕುವುದೋ ಬೇಡವೋ ಎಂದು ತಾಯಿಯನ್ನು ವಿಚಾರಿಸಿದೆ. ‘ಸಾಲಿಗಿ ಹೊಂಟಾನಲ್ರಿ, ಸಾಕ್ರಿ’ ಎಂದಳು. ಅವನ ಕಳೆದುಹೋದ ಆರು ತಿಂಗಳ ಮಾತು, ಬಾಗಿಲಿನಿಂದ ವಾಪಸು ಹೋಗುವ ಇನ್ನುಳಿದ ಮಕ್ಕಳ ಮಾತು ನನ್ನ ಬಾಯಿಗೆ ಬಂದಿತ್ತು. ಆದರೆ ಅರ್ಜಿ ಅವಳದು, ಹೋಗುವ ಕೂಲಿಯೂ ಅವಳದು. ಸುಮ್ಮನಾದೆ. ಅದು ಸರಿಯೇ ಎಂದು ಈಗಲೂ ನಿರ್ಧಾರವಾಗಿಲ್ಲ.

ಸೋಮವಾರ ಕಚೇರಿಗೆ ಹೋಗಿ ಆ ಕುಟುಂಬ ಪಿಂಚಣಿಯ ಕಡತ ತೆಗೆಸಿದೆ. ಮುಚ್ಚಿದ ಅಹವಾಲನ್ನು ಮತ್ತೆ ತೆರೆಯಲು ಆ ಯಂತ್ರದಲ್ಲಿ ನನಗೆ ಅಧಿಕಾರವಿಲ್ಲ. ಕಡತ ಹಿಡಿದುಕೊಂಡು ಎರಡನೆಯ ಅಂತಸ್ತಿಗೆ ನಡೆದು ಹೋದೆ. ಸಂಬಂಧಪಟ್ಟ ಶಾಖೆಯ ಗುಮಾಸ್ತರು ಚಹಾಕ್ಕೆ ಹೋಗಿದ್ದರು. ಅವರು ಬರುವವರೆಗೆ ಅಲ್ಲಿಯೇ ಕುರ್ಚಿ ಎಳೆದುಕೊಂಡು ಕೂತೆ.