ನೆಲದ ಮೇಲೆ ಮಲಗುವ ಗಿಡುಗ

ಹಂಪಿಯ ವಿಜಯವಿಠ್ಠಲ ಗುಡಿಯ ಕಲ್ಲಿನ ರಥ ನಿಜಕ್ಕೂ ಗರುಡನ ಗುಡಿ. ದಸರೆ ಹೊತ್ತಿಗೆ ಇದೇ ಸೀಮೆಗೆ ಮಧ್ಯ ಏಷ್ಯಾದ ಕಡೆಯಿಂದ ಹ್ಯಾರಿಯರ್ ಗಿಡುಗಗಳು ಬಂದಿಳಿಯುತ್ತವೆ. ಕಂಪ್ಲಿಯ ಭತ್ತದ ಗದ್ದೆ, ತುಂಗಭದ್ರಾ ಹಿನ್ನೀರಿನ ಜೊಂಡು ಒಂದು ಜಾತಿಗೆ ಹಿತ; ಒಣ ಬಯಲು ಇನ್ನೊಂದಕ್ಕೆ. ರೆಕ್ಕೆಯನ್ನು ಕೊಂಚ ಮೇಲೆತ್ತಿ, ಬೆಳೆಯ ತುದಿ ಸವರುವಷ್ಟು ಕೆಳಗೆ ತೇಲುತ್ತ, ಮಿಡತೆ ಕಂಡೊಡನೆ ಕಾಲು ಚಾಚಿ ಎರಗುತ್ತವೆ. ಕತ್ತಲಾದರೆ ಸಾಮಾನ್ಯವಾಗಿ ಮರ ಏರುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಗುಂಪುಗೂಡಿ ರಾತ್ರಿ ಕಳೆಯುತ್ತವೆ. ಗರುಡನಿಗೆ ಕೈಮುಗಿಯುವವರ ಧರ್ಮ ಆ ಹುಲ್ಲಿನವರೆಗೂ ಹೋಗಬೇಕು ಎಂಬುದು ನನ್ನ ವಾದ.

ಕಿಷ್ಕಿಂಧೆ ಇದೇ ನೆಲವೆಂದು ನಂಬಿದವರಿಗೆ ಇದು ಹೊಸ ಮಾತಾಗಬಾರದು. ಸೀತೆಗಾಗಿ ಕಾದಿ ಮಡಿದ ಜಟಾಯುವಿಗೆ ರಾಮನೇ ಚಿತೆ ಮಾಡಿದ. ತಮ್ಮ ಜಟಾಯುವನ್ನು ಸೂರ್ಯನ ಉರಿಯಿಂದ ಕಾಯಲು ಹೋಗಿ ರೆಕ್ಕೆ ಸುಟ್ಟುಕೊಂಡಿದ್ದ ಸಂಪಾತಿ, ಆ ತಮ್ಮನಿಗೆ ತರ್ಪಣ ಬಿಡಬೇಕೆಂದಾಗ ಕಿಷ್ಕಿಂಧೆಯಿಂದ ಹೋದ ವಾನರರು ಅವನನ್ನು ಕಡಲ ದಡಕ್ಕೆ ಎತ್ತಿಕೊಂಡು ಹೋದರು. ಹಕ್ಕಿಗೆ ಆ ಹೊತ್ತಿನಲ್ಲಿ ಏನು ಬೇಕೋ ಅದನ್ನು ಮಾಡಿಕೊಟ್ಟರು, ಅಷ್ಟೇ. ಜಟಾಯು ತಿಳಿದು ಪ್ರಾಣ ಕೊಟ್ಟವನು, ಹ್ಯಾರಿಯರ್ ಹುಟ್ಟುಗುಣದಿಂದ ಹಾರಿಬಂದದ್ದು, ಅದರ ಋಣ ನಮಗೇಕೆ ಎಂದು ಕೇಳಬಹುದು. ಬಾಗಿಲಿಗೆ ಬಂದ ಅತಿಥಿಗೆ ಅನ್ನ ಇಡುವಾಗ ಅವನ ಪುಣ್ಯದ ಲೆಕ್ಕ ಯಾರೂ ಕೇಳುವುದಿಲ್ಲ. ಅವನ ಹಸಿವು ಸಾಕು. ಇನ್ನು ಕೊಂದು ತಿನ್ನುವ ಹಕ್ಕಿಯನ್ನು ಕಾಯುವುದು ಅಹಿಂಸೆಯೇ ಎಂಬ ಪ್ರಶ್ನೆ. ಅಹಿಂಸೆ ಆಯ್ಕೆ ಇದ್ದವರ ವ್ರತ. ಗಿಡುಗಕ್ಕೆ ಬೇರೆ ಊಟವಿಲ್ಲ, ನಮಗೆ ಬೇರೆ ದಾರಿ ಇದೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಹೊಟ್ಟೆಪಾಡಿನದು. ಸಂಡೂರಿನ ಗುಡ್ಡಗಳನ್ನೇ ಅದಿರಿಗಾಗಿ ಬಗೆದ ಸೀಮೆಯಲ್ಲಿ ಹುಲ್ಲನ್ನು ಉಳಿಸಿ ಎನ್ನುವುದು ಉಂಡವರ ಮಾತಲ್ಲವೇ? ಇದಕ್ಕೆ ಉತ್ತರ ನಾಗಾಲ್ಯಾಂಡಿನಲ್ಲಿದೆ. ಅಲ್ಲಿನ ದೋಯಾಂಗ್ ಜಲಾಶಯದ ಬಳಿ 2012ರಲ್ಲಿ ವಲಸೆ ಬಂದ ಅಮೂರ್ ಚಾಣಗಳನ್ನು ಬಲೆ ಕಟ್ಟಿ ರಾಶಿ ರಾಶಿ ಕೊಂದರು. ಬಲೆ ಕಟ್ಟಿದವರು ಹೆಚ್ಚಾಗಿ ಮೀನುಗಾರರೇ. ಮರುವರ್ಷವೇ ಆ ಬೇಟೆ ನಿಂತಿತು. ಊರಿನ ಹಿರಿಯರ ಕಟ್ಟಳೆಯ ಜೊತೆಗೆ ಚರ್ಚಿನ ಮಾತೂ ಕೆಲಸ ಮಾಡಿತು. ಧರ್ಮಕ್ಕೆ ಆ ಶಕ್ತಿ ಇನ್ನೂ ಇದೆ. ನಮ್ಮಲ್ಲಂತೂ ಬಡವನಿಗೂ ಹಕ್ಕಿಗೂ ಜಗಳವೇ ಇಲ್ಲ. ದಾಖಲೆಯಲ್ಲಿ ಬೀಳು, ಖರಾಬು ಎಂದು ಬರೆದ ಬಯಲಲ್ಲಿಯೇ ಕುರಿಗಾಹಿಯ ಮಂದೆ ಮೇಯುತ್ತದೆ. ಅದೇ ಗಿಡುಗದ ಹಾಸಿಗೆ. ಗಿಡುಗ ತಿನ್ನುವ ಮಿಡತೆ ರೈತನ ಬೆಳೆಗೆ ಮುತ್ತುವಂಥದ್ದು. ಆ ಬಯಲು ಹೋದರೆ ಕಳೆದುಕೊಳ್ಳುವವರು ಮೂವರೂ. ದೊಡ್ಡ ಕೆಲಸಗಳು ಆಮೇಲಿರಲಿ. ಹಸಿರು ಮಾಡುತ್ತೇವೆಂದು ಹುಲ್ಲುಬಯಲಲ್ಲಿ ಗುಂಡಿ ತೋಡಿ ಸಾಲಾಗಿ ಸಸಿ ನೆಡುವುದನ್ನು ಮೊದಲು ನಿಲ್ಲಿಸಬೇಕು.