ಬೀಪ್ ಯಾರಿಗಾಗಿ?

ಎಚ್ಚರಿಸುವ ಯಂತ್ರದ ಬಾಯಿ ಮುಚ್ಚಿಸುವ ಹಕ್ಕು ನಮಗಿದೆಯೇ? ನನ್ನ ದುಡ್ಡು, ನನ್ನ ಯಂತ್ರ, ನನ್ನ ಇಷ್ಟ ಎಂದರೆ ಮಾತು ಅಲ್ಲಿಗೇ ಮುಗಿಯಿತು. ಆದರೆ ವಿಷಯ ಅಷ್ಟು ಸರಳವಲ್ಲ. ಕಾರಿನ ಅಲಾರಂ ರಿಮೋಟನ್ನೇ ತೆಗೆದುಕೊಳ್ಳಿ.

ನನ್ನದು ಟೂ-ವೇ ರಿಮೋಟು. ಲಾಕ್ ಮಾಡಿದರೆ ಕೈಯಲ್ಲೇ ಒಂದು ಬೀಪ್, ತೆಗೆದರೆ ಎರಡು. ಕಾರಿನ ದೀಪ ಹೇಗೂ ಮಿನುಗುತ್ತದೆ. ಬೀಪ್ ಹೇಳುವುದು ನನಗಾಗಲೇ ಗೊತ್ತಿರುವುದನ್ನೇ. ರಾತ್ರಿ ಹನ್ನೊಂದರ ಪಾರ್ಕಿಂಗಿನಲ್ಲಿ ಅದನ್ನು ಕೇಳಿ ಏಳುವುದು ಮಾತ್ರ ಕೆಳಮನೆಯ ಕೂಸು. ಕಾನೂನಿನ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದಿನ ಮಿತಿ 45 ಡೆಸಿಬಲ್. ಆದರೆ ಅದು ಸರಾಸರಿಯ ಲೆಕ್ಕ. ಒಂಟಿ ಬೀಪ್ ಆ ಲೆಕ್ಕಕ್ಕೆ ಸಿಗುವುದಿಲ್ಲ. ನಿದ್ದೆ ಕೆಡುವುದು ಸರಾಸರಿಯಿಂದಲ್ಲವಲ್ಲ! ಕಾನೂನು ಸುಮ್ಮನಿರುವ ಇಂಥ ಕಡೆಯಲ್ಲೇ ನೀತಿಯ ಪ್ರಶ್ನೆ ಶುರುವಾಗುವುದು.

ರಿಮೋಟಿನೊಳಗೆ ಕೂಗುವುದು ಒಂದು ಪೀಜೋ ಬಿಲ್ಲೆ. ವಿದ್ಯುತ್ತು ಹರಿಸಿದರೆ ಬಾಗುತ್ತದೆ, ತೆಗೆದರೆ ನೆಟ್ಟಗಾಗುತ್ತದೆ; ಸೆಕೆಂಡಿಗೆ ಕೆಲವು ಸಾವಿರ ಸಲ ಹೀಗಾದರೆ ಅದೇ ಬೀಪ್. ನಮ್ಮ ಕಿವಿ ಅತಿ ಚುರುಕಾಗಿರುವುದೂ ಅದೇ ಶ್ರುತಿಗೆ. ಬೆಸುಗೆ ಕರಗಿಸಿ ಒಂದು ತಂತಿ ಎತ್ತಿದರೆ ಸಾಕು, ಮೌನ. ಆದರೆ ಯಾರಾದರೂ ಕಾರಿನ ಬಾಗಿಲು ಮೀಟಿದಾಗ ನನ್ನನ್ನು ಕೂಗಬೇಕಾದದ್ದೂ ಇದೇ ಬಿಲ್ಲೆ. ಹರಟೆಗೂ ಆರ್ತನಾದಕ್ಕೂ ಒಂದೇ ಗಂಟಲು.

ಇನ್ನೊಂದು ಬೀಪ್ ಇದೆ, ಸೀಟ್ ಬೆಲ್ಟಿನದು. ಅದನ್ನು ಸುಮ್ಮನಾಗಿಸುವ ಕ್ಲಿಪ್ಪುಗಳು ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುತ್ತಿದ್ದವು. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ನಡೆದ ಅಪಘಾತದಲ್ಲಿ, ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಸೈರಸ್ ಮಿಸ್ತ್ರಿ ತೀರಿಕೊಂಡ ಮೇಲೆ ಅವುಗಳ ಮೇಲೆ ಸರ್ಕಾರದ ಕಣ್ಣು ಬಿತ್ತು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಇ-ಕಾಮರ್ಸ್ ತಾಣಗಳಿಗೆ ಅವನ್ನು ತೆಗೆದುಹಾಕಲು ಆದೇಶಿಸಿತು.

ಎರಡೂ ಕಡೆ ಮಾಡುವ ಕೆಲಸ ಒಂದೇ, ಬೀಪ್ ನಿಲ್ಲಿಸುವುದು. ಆದರೂ ಒಂದು ಸೌಜನ್ಯ, ಇನ್ನೊಂದು ಆತ್ಮವಂಚನೆ. ಲಾಕಿನ ಬೀಪ್ ಹೇಳುವುದು ಮುಗಿದ ಕೆಲಸವನ್ನು. ಅದರ ಬೆಲೆ ತೆರುವವರು ಅಕ್ಕಪಕ್ಕದವರು. ಬೆಲ್ಟಿನ ಬೀಪ್ ಹೇಳುವುದು ನಾನು ಮಾಡದೆ ಬಿಟ್ಟ ಕೆಲಸವನ್ನು. ಅದು ನಿಲ್ಲಬೇಕಾದದ್ದು ಕ್ಲಿಪ್ಪಿನಿಂದಲ್ಲ, ಬೆಲ್ಟಿನಿಂದ. ಕಿರಿಕಿರಿ ಎರಡರಲ್ಲೂ ಇದೆ. ಹಾಗಾಗಿ ಕಿರಿಕಿರಿಯನ್ನೇ ಅಳತೆಗೋಲು ಮಾಡಿಕೊಂಡರೆ ದಾರಿ ತಪ್ಪುತ್ತೇವೆ.

ಹಾಗೆಂದು ಎಲ್ಲ ಬೀಪನ್ನೂ ಸಹಿಸಿಕೊಳ್ಳುವುದೇ ಒಳ್ಳೆಯದು ಎನ್ನಲಾರೆ. ದಿನಕ್ಕೆ ಇನ್ನೂರು ಅಲರ್ಟ್ ಮೇಲ್ ಬರುವ ಪ್ರಾಜೆಕ್ಟಿನಲ್ಲಿ ಇನ್ನೂರ ಒಂದನೆಯದನ್ನು ಯಾರೂ ತೆರೆಯುವುದಿಲ್ಲ. ‘ತೋಳ ಬಂತು ತೋಳ’ ಕತೆಯ ಹುಡುಗನ ಕೆಲಸವನ್ನು ಈಗ ಯಂತ್ರಗಳಿಗೆ ವಹಿಸಿದ್ದೇವೆ, ಅಷ್ಟೇ. ಪೊಳ್ಳು ಎಚ್ಚರಿಕೆಗಳನ್ನು ಕಳೆಯುವುದು ನಿಜವಾದ ಎಚ್ಚರಿಕೆಗೆ ಕೊಡುವ ಮರ್ಯಾದೆ.

ನಾನು ತಂತಿ ಕತ್ತರಿಸಲಿಲ್ಲ. ಬಿಲ್ಲೆಯ ದಾರಿಯಲ್ಲಿ ಒಂದು ರೆಸಿಸ್ಟರ್ ಕೂರಿಸಿದೆ. ಎರಡು ರೂಪಾಯಿಯ ಮಾಲು. ಈಗ ಬೀಪ್ ನನ್ನ ಜೇಬಿನಿಂದ ನನ್ನ ಕಿವಿಯವರೆಗೆ ಮಾತ್ರ ಬರುತ್ತದೆ. ನನ್ನ ವಸ್ತುವಿನ ಕಾವಲು ನನ್ನ ಕೆಲಸ. ಅದಕ್ಕಾಗಿ ಊರೆಲ್ಲ ಎದ್ದಿರಬೇಕಾಗಿಲ್ಲ.