ಲೆಕ್ಕ ಬರೆಯುವವನ ಸಾಕ್ಷ್ಯ

ಬಿ.ಕಾಂ. ಓದುತ್ತಲೇ ಸಿ.ಎ. ಮಾಡಲು ಹೊರಟ ಹುಡುಗ ಹುಡುಗಿಯರು ನಮ್ಮ ಸಮುದಾಯದಲ್ಲೂ ಕಾಣಸಿಗುತ್ತಾರೆ. ಸಂತೋಷದ ವಿಷಯ. ಆದರೆ ಮನೆಯಲ್ಲಿ ಮಾತೆತ್ತಿದ ಕೂಡಲೇ ಹಿರಿಯರು ಕೇಳುವುದು ಒಂದೇ: 'ಬಡ್ಡಿಯ ಲೆಕ್ಕ ಬರೆಯುವ ಕೆಲಸವಲ್ಲವೇ ಅದು?'

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಡ್ಡಿ ತಿನ್ನುವವನನ್ನು, ಕೊಡುವವನನ್ನು ಮಾತ್ರವಲ್ಲ, ಅದನ್ನು ಬರೆಯುವವನನ್ನೂ ಅದರ ಸಾಕ್ಷಿಗಳನ್ನೂ ಪ್ರವಾದಿವರ್ಯರು(ಸ) ಶಪಿಸಿದರೆಂಬ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಸಾಲಪತ್ರ ಬರೆಯುವುದು ಬೇರೆ, ನಡೆದುಹೋದ ವ್ಯವಹಾರವನ್ನು ಪರಿಶೋಧಿಸುವುದು ಬೇರೆ ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಅದನ್ನು ಬಲ್ಲ ವಿದ್ವಾಂಸರಲ್ಲಿ ಕೇಳಿಯೇ ತಿಳಿಯಬೇಕು. ಆದರೆ ಲೆಕ್ಕ ಕಲಿಯುವುದನ್ನೇ ಬಿಟ್ಟರೆ ಜಮಾಅತ್‌ನ ಆಯವ್ಯಯ, ವಕ್ಫ್ ಆಸ್ತಿಯ ಬಾಡಿಗೆ, ವ್ಯಾಪಾರಿಯ ಝಕಾತ್ ಇವನ್ನೆಲ್ಲ ನೋಡುವವರು ಯಾರು?

ನಮ್ಮನ್ನು ಹೆಚ್ಚು ಕಾಡುವುದು ಹಿರಿಯರು ಕೇಳದೆ ಬಿಟ್ಟ ಪ್ರಶ್ನೆ.

ಸಿ.ಎ. ಆಗಬೇಕಾದರೆ ಪರೀಕ್ಷೆಗಳ ಜೊತೆಗೆ ಲೆಕ್ಕಪರಿಶೋಧಕರೊಬ್ಬರ ಕೈಕೆಳಗೆ ಆರ್ಟಿಕಲ್‌ಶಿಪ್ ಎಂಬ ತರಬೇತಿ ಮುಗಿಸಬೇಕು. 3 ವರ್ಷವಿದ್ದ ಈ ಅವಧಿಯನ್ನು 2023ರ ಹೊಸ ಪದ್ಧತಿಯಲ್ಲಿ 2 ವರ್ಷಕ್ಕೆ ಇಳಿಸಲಾಯಿತು. ಕಾಲೇಜಿನ ಹೊತ್ತು ಕಚೇರಿಯ ಹೊತ್ತಿಗೆ ಅಡ್ಡಬರಬಾರದು. ಮುಂಜಾನೆಯ ತರಗತಿಗೋ ಸಂಜೆ ಕಾಲೇಜಿಗೋ ಸೇರಿ, ಹಗಲಿಡೀ ಕಚೇರಿಯಲ್ಲಿ ದುಡಿದು, ರಾತ್ರಿ ಓದುವ ಮಕ್ಕಳಿದ್ದಾರೆ. ಅವರ ದಣಿವು ಸಣ್ಣದಲ್ಲ. ಇನ್ನು ಕೆಲವರದು 'ಡಮ್ಮಿ'. ಹೆಸರು ಕಚೇರಿಯ ಪುಸ್ತಕದಲ್ಲಿ, ಹುಡುಗ ಕಾಲೇಜಿನಲ್ಲಿ ಅಥವಾ ಕೋಚಿಂಗ್‌ನಲ್ಲಿ. ಸ್ಟೈಪೆಂಡ್ ಪಡೆದಂತೆ ಕಾಗದದಲ್ಲಿ ತೋರಿಸಿ ಹಿಂದಿರುಗಿಸುವುದೂ ಉಂಟು. ಕೊನೆಗೆ ಗುರುವಿನದೊಂದು ಸಹಿ, ಶಿಷ್ಯನದೊಂದು ಸಹಿ. ತರಬೇತಿ ಮುಗಿಯಿತು!

ಇದರಲ್ಲಿ ಬಡ್ಡಿಯ ಒಂದು ಪೈಸೆಯೂ ಇಲ್ಲ. ಅದಕ್ಕೇ ಏನೋ, ಮನೆಯಲ್ಲಿ ಯಾರೂ ಬೆಚ್ಚುವುದಿಲ್ಲ. 'ಎಲ್ಲರೂ ಮಾಡುವುದೇ, ಪರೀಕ್ಷೆ ಪಾಸಾದರೆ ಸಾಕು' ಎಂದು ತಂದೆಯೇ ಪರಿಚಯದವರನ್ನು ಹುಡುಕಿಕೊಡುತ್ತಾರೆ.

ಆದರೆ ಲೆಕ್ಕಪರಿಶೋಧಕನೆಂದರೆ ಸಾಕ್ಷಿಯಲ್ಲದೆ ಮತ್ತೇನು? ತಾನು ನೋಡಿದ್ದೇನೆ, ಸರಿಯಿದೆ ಎಂಬುದೇ ಅವನ ಸಹಿಯ ಅರ್ಥ. ಸತ್ಯಂ ಎಂಬ ಹೆಸರಿನ ಕಂಪನಿಯ ಅಧ್ಯಕ್ಷರೇ 2009ರ ಜನವರಿಯಲ್ಲಿ ತಮ್ಮ ಲೆಕ್ಕ ಸುಳ್ಳೆಂದು ಒಪ್ಪಿಕೊಂಡರು. ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಹಣ ಇರಲೇ ಇಲ್ಲ. ಆ ಲೆಕ್ಕಗಳ ಕೆಳಗೆ ಪರಿಶೋಧಕರ ಸಹಿಯಿತ್ತು. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿಯೇ ಇದೆ. ಬರೆಯುವವನು ನ್ಯಾಯವಾಗಿ ಬರೆಯಲೆಂದು ಅದು ಆದೇಶಿಸುತ್ತದೆ. ಸಾಕ್ಷ್ಯವನ್ನು ಮುಚ್ಚಿಡಬಾರದೆಂದು ಅದರ ಮುಂದಿನ ಸೂಕ್ತ ಎಚ್ಚರಿಸುತ್ತದೆ. ಹತ್ತೊಂಬತ್ತರ ಹರೆಯದಲ್ಲಿ ತನ್ನದೇ ಹಾಜರಿಯ ಬಗ್ಗೆ ಸುಳ್ಳು ಸಾಕ್ಷ್ಯ ಬರೆದ ಕೈ, ಮೂವತ್ತರಲ್ಲಿ ಪರರ ಲೆಕ್ಕದ ಕೆಳಗೆ ಯಾವ ಧೈರ್ಯದಿಂದ ಸಹಿ ಹಾಕೀತು?

ಪದವಿ ಮುಗಿಸಿ ತರಬೇತಿಗೆ ಸೇರಿದರೆ ಸಂಪಾದನೆ ತಡವಾಗುತ್ತದೆ, ನಿಜ. ಗಲ್ಫಿನಿಂದ ಬರುವ ಒಬ್ಬರ ಸಂಬಳದಲ್ಲಿ ನಡೆಯುವ ಮನೆಗೆ ಇದು ಸಣ್ಣ ಮಾತಲ್ಲ. ವಿದ್ಯಾರ್ಥಿವೇತನ ಕೊಡುವ ಜಮಾಅತ್‌ಗಳು ಆ 2 ವರ್ಷಗಳಿಗೂ ನೆರವು ಚಾಚಬಹುದು. ಅರ್ಜಿ ಹಿಡಿದು ಬಂದ ಹುಡುಗನನ್ನು, ಅಂಕ ಎಷ್ಟು ಎಂದು ಕೇಳಿದ ಮೇಲೆ, ಕಚೇರಿಗೆ ದಿನಾ ಹೋಗುತ್ತೀಯಾ ಎಂದೂ ವಿಚಾರಿಸಬಹುದು.